ನರಸೀಪುರದ ಹೇಮಂತ

ಕಳೆದ ಧನುರ್ಮಾಸದಲ್ಲಿ ಒಂದು ದಿನ ನಾನು ಮೈಸೂರಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗಿಬಂದೆನು. ದೂರವೇನೂ ಹೆಚ್ಚಲ್ಲ, ಸುಮಾರು 30 ಕಿಲೋಮೀಟರು. ಈ ಕ್ಷೇತ್ರಕ್ಕೆ ನಾನು ಹಿಂದೆ ಹಲವು ಸಲ ಹೋಗಿದ್ದೇನೆ. ಸಂಗಮದಲ್ಲಿ ಮಿಂದು, ದೇವರ ದರ್ಶನ ಮಾಡಿಕೊಂಡು ಹಿಂದಿರುಗಿದ್ದೇನೆ. ಆದರೆ ಈ ಸಲ ನಾನು ಹೊರಟುದು ಸ್ನಾನಕ್ಕಲ್ಲ, ದರ್ಶನಕ್ಕೂ ಅಲ್ಲ. ಎರಡು ಮೂರು ವರ್ಷದ ಶಿಶುಗಳು ಚಳಿಗಾಲದಲ್ಲಿ ತಮ್ಮ ಕೈಯಿಂದ ಏನೇನು ಮಾಡಬಲ್ಲರೆಂಬುದನ್ನು ನೋಡಿ ಕಲಿಯುವುದಕ್ಕೆ. ಅರವತ್ತು ವರ್ಷದ ಮುದುಕನಿಗೆ ಇದೆಂತಹ ಯಾತ್ರೆಯೆಂದು ವಾಚಕರು ನಗಬಹುದು. ಆದುದರಿಂದ ಕಾರಣವನ್ನು ಮೊದಲೇ ಹೇಳಿಬಿಡುವುದು ಲೇಸು.

ನನ್ನ ಮೊಮ್ಮಗನಿಗೆ ಆಗ ಎರಡೂವರೆ ವರ್ಷ. ಮಗನೂ ಸೊಸೆಯೂ ಕೆಲಸಕ್ಕೆ ಹೋಗುವವರಾದುದರಿಂದ ಮಗುವು ಹಗಲೆಲ್ಲ ಒಂದು ಶಿಶುವಿಹಾರದಲ್ಲಿರುತ್ತದೆ. ಡಿಸೆಂಬರಿನ ಒಂದು ಸಂಜೆ ಅವನು ಮನೆಗೆ ಒಂದು ಕೈಕೆಲಸವನ್ನು ತಂದನು. ನೀಲಿಯ ಕಾಗದ, ಅದರ ಮೇಲೆ ಹತ್ತಿಯ ಎರಡು ದುಂಡು ಉಂಡೆಗಳು, ತಲೆಗೆ ಕರಿಯ ಟೋಪಿ, ಮೂಗಿಗೆ ಕೆಂಪು ಕಾಗದದ ಚೂರು. ಅದು ಹಿಮದ ಮನುಷ್ಯನಂತೆ! ಅಂಟು ಎಲ್ಲಿಯೂ ಸೋರಿರಲಿಲ್ಲ. ಒಂದು ಗೆರೆಯೂ ಓರೆಯಾಗಿರಲಿಲ್ಲ. “ಇದನ್ನು ನೀನು ಮಾಡಿದೆಯೇನಪ್ಪ?” ಎಂದು ಕೇಳಿದೆನು. “ಮಿಸ್ಸು ಮಾಡಿದ್ರು” ಎಂದನು ಆ ಸತ್ಯವಂತ.

ನನಗೆ ಸಿಟ್ಟು ಬಂದಿತು. ಮಗುವಿನ ಕೈ ತಗಲದ ಕೈಕೆಲಸವು ಯಾರ ಸಂತೋಷಕ್ಕೆ? ಮಾರನೆಯ ದಿನ ನಾನೇ ಒಂದು ಸ್ಲೇಟನ್ನೂ ಸೀಮೆಸುಣ್ಣವನ್ನೂ ಕೊಟ್ಟು ಅವನ ಎದುರಿಗೆ ಕುಳಿತೆನು. ಅವನು ಗಿರಗಿರನೆ ಏನನ್ನೋ ಗೀಚಿ, “ಆನೆ” ಎಂದನು. “ಆನೆಗೆ ಸೊಂಡಿಲು ಬೇಡವೇ? ಕಾಲು ನಾಲ್ಕಲ್ಲವೇ?” ಎನ್ನುತ್ತ ನಾನು ಗೀಚಿದುದನ್ನು ಒರಸಿ, ಅವನ ಕೈ ಹಿಡಿದು ಅಂದವಾದ ಆನೆಯೊಂದನ್ನು ಬರೆಯಿಸಿದೆನು. ಮಗುವು ಅದನ್ನು ಸುಮ್ಮನೆ ನೋಡಿ ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟು, “ತಾತ, ನೀನೇ ಬರಿ” ಎಂದನು. ಅಂದಿನಿಂದ ಹತ್ತು ದಿನ ಅವನು ಸೀಮೆಸುಣ್ಣವನ್ನು ಮುಟ್ಟಲಿಲ್ಲ. ಕೊಟ್ಟರೆ ಹಿಂದಕ್ಕೆ ಕೊಡುವನು. “ತಾತ ಬರಿ” ಎನ್ನುವನು. ಶಿಶುವಿಹಾರದವರು ಮಾಡಿದುದನ್ನೇ ನಾನೂ ಮಾಡಿದ್ದೆನು. 34 ವರ್ಷ ಪಾಠ ಹೇಳಿದೆನೆಂಬ ಅಹಂಕಾರವೊಂದು ನನ್ನಲ್ಲಿ ಹೆಚ್ಚಾಗಿತ್ತು, ಅಷ್ಟೆ.

ನನ್ನ ಪೇಚಾಟವನ್ನು ಕಂಡು ಸೊಸೆಯು, “ಮಾವ, ನಿಮ್ಮ ಶಿಷ್ಯೆಯೊಬ್ಬರು ನರಸೀಪುರದ ಕಡೆ ಕೂಸಿನ ಮನೆ ನೋಡಿಕೊಳ್ಳುತ್ತಾರಲ್ಲ, ಒಂದು ಸಲ ಅವರನ್ನು ಕೇಳಿ ನೋಡಿ” ಎಂದಳು. ಹೀಗೆ ಈ ಯಾತ್ರೆಯು ಸಿದ್ಧವಾಯಿತು.

ಬೆಳಗಿನ ಬಸ್ಸಿಗೆ ಹೊರಟೆನು. ವರುಣೆಯನ್ನು ದಾಟುವಾಗಲೂ ಮಂಜು ಕರಗಿರಲಿಲ್ಲ. ನಾಲೆಯ ನೀರಿನ ಗದ್ದೆಗಳಲ್ಲಿ ಕೆಲವೆಡೆ ಭತ್ತದ ಕುಯಿಲು ಮುಗಿದು ಹುಲ್ಲಿನ ಮೆದೆಗಳೆದ್ದಿದ್ದವು. ಕೆಲವೆಡೆ ಇನ್ನೂ ತೆನೆ ತೂಗುತ್ತಿತ್ತು. ರಸ್ತೆಯ ಬದಿಯಲ್ಲಿ ಅವರೆಕಾಯಿಯ ರಾಶಿಗಳು. ಬಸ್ಸಿನ ಕಿಟಕಿಯೊಳಕ್ಕೂ ಅದರ ಸೊಗಡು ಬರುತ್ತಿತ್ತು. ಗರ್ಗೇಶ್ವರಿಯನ್ನು ಕಳೆದು ನರಸೀಪುರವನ್ನು ಸೇರುವ ಹೊತ್ತಿಗೆ ಬಿಸಿಲು ಎಳೆಯದಾಗಿ ಬಿದ್ದಿತ್ತು.

ನರಸೀಪುರದಲ್ಲಿ ಕಾವೇರಿಯೂ ಕಪಿಲೆಯೂ ಕೂಡುತ್ತವೆ. ಗುಪ್ತವಾದ ಸ್ಫಟಿಕ ಸರೋವರವೂ ಸೇರಿ ಇದು ತ್ರಿವೇಣಿಯೆಂದು ನಂಬಿಕೆ. 1989ರಿಂದ ಇಲ್ಲಿ ಕುಂಭಮೇಳವೂ ನಡೆದುಬಂದಿದೆ. ಕಪಿಲೆಯ ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿಯ ದೇವಾಲಯ. ಆಚೆಯ ದಡದ ತಿರುಮಕೂಡಲಿನಲ್ಲಿ ಅಗಸ್ತ್ಯೇಶ್ವರನ ದೇವಾಲಯ. ಗುಂಜೆಯೆಂದರೆ ನಮ್ಮ ಗುಲಗಂಜಿ. ಸ್ವಾಮಿಯು ಕೈಯಲ್ಲಿ ಗುಲಗಂಜಿಯನ್ನು ಹಿಡಿದಿದ್ದಾನೆ. ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯಷ್ಟು ತೂಕ ಹೆಚ್ಚೆಂಬುದು ಅದರ ಅರ್ಥವೆಂದು ಜನರು ಹೇಳುವರು. ಅಕ್ಕಸಾಲಿಗರು ಚಿನ್ನವನ್ನು ತೂಗುತ್ತಿದ್ದ ಆ ಕಾಳಿನ ತೂಕ ಒಂದು ಗ್ರಾಮಿನ ಎಂಟರಲ್ಲೊಂದು ಪಾಲಿನಷ್ಟು. ಇಷ್ಟು ಸಣ್ಣ ಹೆಚ್ಚಳದಲ್ಲಿ ತೃಪ್ತಿಪಟ್ಟುಕೊಂಡ ನಮ್ಮ ಹಿರಿಯರ ವಿನಯವು ನನಗೆ ಯಾವಾಗಲೂ ಮೆಚ್ಚಿಗೆ.

ಈ ತಾಲ್ಲೂಕಿಗೂ ನಮ್ಮ ನಾಡಿನ ಶಿಶುಗಳಿಗೂ ಬೇರೊಂದು ನಂಟುಂಟು. 1975ನೆಯ ಇಸವಿ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಅಂಗನವಾಡಿಗಳು ತೆರೆದುದು ಇಲ್ಲಿಯೇ. ಆಗ ನಾನು ಹತ್ತು ವರ್ಷದ ಹುಡುಗ. ಅಂಗನವಾಡಿಯಲ್ಲಿ ಪಾಠದ ಆಟಗಳು ಮೂರು ವರ್ಷ ತುಂಬಿದವರಿಗೆ. ಅದಕ್ಕೂ ಎಳೆಯ ಕೂಸುಗಳನ್ನು, ಕೂಲಿಗೆ ಹೋಗುವ ತಾಯಂದಿರು ಮೊದಲೆಲ್ಲ ಗದ್ದೆಯ ಬದುವಿನ ಮರಕ್ಕೆ ಜೋಲಿ ಕಟ್ಟಿ ಮಲಗಿಸುತ್ತಿದ್ದರು. ಅಂಥವರಿಗಾಗಿ 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳೆಂಬ ಪಾಲನಾ ಕೇಂದ್ರಗಳು ತೆರೆದವು. ನನ್ನ ಶಿಷ್ಯೆಯು ಅಂತಹ ಒಂದರಲ್ಲಿ, ಕಪಿಲೆಯ ದಡಕ್ಕೆ ಹತ್ತಿರದ ಹಳ್ಳಿಯಲ್ಲಿ, ಆರೈಕೆದಾರಳಾಗಿದ್ದಾಳೆ.

ನಾನು ಹೋದಾಗ ಒಂಬತ್ತು ಮಕ್ಕಳಿದ್ದರು. ಉಣ್ಣೆಯ ಟೋಪಿ, ಸುರಿಯುವ ಮೂಗು, ಚಳಿಗೆ ಒಡೆದ ಕೆನ್ನೆ. “ಬನ್ನಿ ಮೇಷ್ಟ್ರೇ” ಎಂದು ಚಾಪೆ ಹಾಕಿ, “ಈಗ ಇವರಿಗೆ ಮಂಜು ತೋರಿಸಿಕೊಂಡು ಬರಬೇಕು, ನೀವೂ ಬನ್ನಿ” ಎಂದಳು. ಮಕ್ಕಳನ್ನು ಬಾಗಿಲಿನ ಮುಂದಿನ ಕಟ್ಟೆಗೆ ಕರೆದೊಯ್ದು, ನದಿಯ ಮೇಲೆ ಇನ್ನೂ ಉಳಿದಿದ್ದ ಬೆಳ್ಳನೆಯ ಮಂಜನ್ನು ತೋರಿಸಿದಳು. ಹುಲ್ಲಿನ ಮೇಲಿನ ಇಬ್ಬನಿಯನ್ನು ಮುಟ್ಟಿಸಿದಳು. ಒಂದು ಮಗುವು ಒದ್ದೆಯಾದ ಬೆರಳನ್ನು ನನ್ನ ಕೆನ್ನೆಗೆ ಒತ್ತಿ ನಕ್ಕಿತು.

ಒಳಕ್ಕೆ ಬಂದಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಗೆ ಮೈದಾಹಿಟ್ಟನ್ನು ಕಾಯಿಸಿ ಮಾಡಿದ ಅಂಟನ್ನು ಬಳಿದು, ಒಬ್ಬೊಬ್ಬರ ಮುಂದೆ ಹತ್ತಿಯ ದೊಡ್ಡದೊಂದು ಹಿಡಿಯನ್ನಿಟ್ಟಳು. ಮಕ್ಕಳು ಅದನ್ನು ಎಳೆದರು, ಹರಿದರು, ಒತ್ತಿದರು. ಕೆಲವರ ಮಂಜು ಹಾಳೆಯ ಮೂಲೆಯಲ್ಲಿ ಗುಡ್ಡೆಯಾಯಿತು. ಒಬ್ಬನದು ಹಾಳೆಗಿಂತ ಹೆಚ್ಚಾಗಿ ಅವನ ಮೊಣಕೈಗೆ ಅಂಟಿತು. ಹತ್ತು ನಿಮಿಷದೊಳಗೆ ಕೆಲಸ ಮುಗಿದು ಎಲ್ಲರೂ ಎದ್ದರು. ಆ ವಯಸ್ಸಿನವರಿಗೆ ಅಷ್ಟೇ ಕಾಲವೆಂದೂ, ಅದಕ್ಕಿಂತ ಹೆಚ್ಚು ಕೂರಿಸಿದರೆ ಅದು ಶಿಕ್ಷೆಯೆಂದೂ ಅವಳು ಹೇಳಿದಳು.

ನನಗೆ ಮೊಮ್ಮಗನ ಹಿಮದ ಮನುಷ್ಯನು ನೆನಪಿಗೆ ಬಂದನು. ಅದೇ ಹತ್ತಿ, ಅದೇ ಅಂಟು. ಆದರೆ ಮೈಸೂರಿನ ಮಗುವಿಗೆ ಹಿಮದ ರಾಶಿಯೆಂಬುದು ಚಿತ್ರದಲ್ಲಿ ಮಾತ್ರ ಉಂಟು. ಅದನ್ನು ಮುಟ್ಟಿ ತಿಳಿಯದುದರಿಂದ ಬೇರೆಯವರು ಮಾಡಿಕೊಡಬೇಕಾಯಿತು. ಹಿಮವೆಂಬ ಮಾತಿಗೆ ಸಂಸ್ಕೃತದಲ್ಲಿ ಶೀತವೆಂಬ ಅರ್ಥವೂ ಉಂಟು. ಹೇಮಂತಕ್ಕೆ ಹೆಸರು ಬಂದುದು ಅದರ ನಂಟಿನಿಂದಲೇ. ನಮ್ಮ ಹೇಮಂತದಲ್ಲಿ ಹಿಮ ಬೀಳದಿದ್ದರೇನು? ಮಂಜುಂಟು, ಇಬ್ಬನಿಯುಂಟು, ಹುಲ್ಲುಂಟು, ಅವರೆಯುಂಟು. ಮಗುವು ಬೆಳಗ್ಗೆ ಮುಟ್ಟಿದುದನ್ನು ಹಗಲಲ್ಲಿ ಮಾಡುತ್ತದೆ. ಈ ಸರಳವಾದ ಸಂಗತಿಯು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ಅವಳು ವಾರದಲ್ಲಿ ಮಾಡಿಸುವ ಬೇರೆ ಕೆಲಸಗಳನ್ನು ಕೇಳಿ ತಿಳಿದುಕೊಂಡೆನು. ಗೃಹಸ್ಥರಿಗೆ ಉಪಯೋಗವಾದೀತೆಂದು ಇಲ್ಲಿ ಹೇಳುತ್ತೇನೆ.

ಮೊದಲನೆಯದು ಹಿಟ್ಟಿನ ಕೆಲಸ. ಮಣ್ಣು ಬಾಯಿಗೆ ಹೋಗುವ ಭಯವಿರುವುದರಿಂದ ಗೋಧಿಹಿಟ್ಟನ್ನು ಚಪಾತಿಯ ಹದಕ್ಕೆ ಕಲಸಿ, ಒಂದು ಪಾಲಿಗೆ ಅರಿಸಿನ, ಒಂದು ಪಾಲಿಗೆ ಬೀಟ್‌ರೂಟಿನ ರಸ ಸೇರಿಸುವಳು. ಮಕ್ಕಳು ಬಡಿಯುವರು, ಚುಚ್ಚುವರು, ಬೆರಳಿನ ಗುರುತು ಒತ್ತುವರು. ಭತ್ತದ ಹುಲ್ಲನ್ನು ಬೆರಳುದ್ದಕ್ಕೆ ಕತ್ತರಿಸಿ ಕೊಟ್ಟರೆ ಒಂದೊಂದಾಗಿ ಉಂಡೆಗೆ ನೆಡುವರು. ಅದು ಒಬ್ಬನಿಗೆ ಮುಳ್ಳುಹಂದಿ, ಇನ್ನೊಬ್ಬಳಿಗೆ ಅಜ್ಜಿ. ಆ ಹಿಟ್ಟನ್ನು ಮಾರನೆಯ ದಿನಕ್ಕೆ ಇಡಬಾರದು.

ಎರಡನೆಯದು ಬಾಳೆದಿಂಡಿನ ಅಚ್ಚು. ದಿಂಡನ್ನು ಮಗುವಿನ ಮುಷ್ಟಿಗೆ ಹಿಡಿಯುವಷ್ಟು ಕತ್ತರಿಸಿ, ಗಟ್ಟಿಯಾದ ಅರಿಸಿನದ ನೀರಿನಲ್ಲಿ ಅದ್ದಿ ಹಳೆಯ ವೃತ್ತಪತ್ರಿಕೆಯ ಮೇಲೆ ಒತ್ತಿದರೆ ಬಳೆಯೊಳಗೆ ಬಳೆಯಂತೆ ಅಚ್ಚು ಬೀಳುವುದು. ಬೆಂಡೆಕಾಯಿಯ ತುಂಡು ಹೂವಿನಂತೆ ಬೀಳುವುದು. ಬಾಳೆಯ ಕರೆಯು ಬಟ್ಟೆಯಿಂದ ಹೋಗದಾದುದರಿಂದ ಆ ದಿನ ಹಳೆಯ ಅಂಗಿಯನ್ನೇ ತೊಡಿಸಬೇಕು.

ಮೂರನೆಯದು ಎಲೆಯ ಕಿರೀಟ. ಅಗಲವಾದ ರಟ್ಟಿನ ಪಟ್ಟಿಯಲ್ಲಿ ಅಲ್ಲಲ್ಲಿ ಸೀಳು ಮಾಡಿಟ್ಟರೆ ಮಗುವು ಉದುರಿದ ಹಲಸಿನೆಲೆ ಮಾವಿನೆಲೆಗಳ ತೊಟ್ಟನ್ನು ಸೀಳಿನೊಳಗೆ ತೂರಿಸುವುದು. ನಮ್ಮ ಬಾಲ್ಯದಲ್ಲಿ ಕಡ್ಡಿ ಚುಚ್ಚಿ ಕಿರೀಟ ಮಾಡುತ್ತಿದ್ದೆವು. ಇಷ್ಟು ಎಳೆಯವರಿಗೆ ಕಡ್ಡಿ ಸಲ್ಲದು.

ನಾಲ್ಕನೆಯದು ಅವರೆಯ ಸಿಪ್ಪೆಯ ದೋಣಿ. ಕಾಳು ಬಿಡಿಸಿದ ಸಿಪ್ಪೆಯನ್ನು ಅಗಲವಾದ ತಟ್ಟೆಯ ಬೆಚ್ಚನೆಯ ನೀರಿನಲ್ಲಿ ತೇಲಿಸಿ ಊದಿಸುವುದು. ನೀರು ಎರಡು ಬೆರಳಿನಷ್ಟು ಮಾತ್ರ. ಆದರೂ ದೊಡ್ಡವರು ಅಲ್ಲಿಂದ ಏಳಕೂಡದು.

ಇಷ್ಟನ್ನೂ ಕೇಳಿದಮೇಲೆ ನಾನೂ ಏನಾದರೂ ಕೊಡಬೇಕೆಂದು ನನಗೆ ಉತ್ಸಾಹ ಬಂದಿತು. ಮನೆಯಲ್ಲಿ ನಮ್ಮ ತಂದೆಯವರ ಕಾಲದ ಅಳಗುಳಿಮಣೆಯೊಂದಿದೆ. ಅದರ ಗುಲಗಂಜಿಗಳಲ್ಲಿ ಒಂದು ಹಿಡಿಯನ್ನು, ಗುಂಜಾ ನರಸಿಂಹನ ಊರಿಗೆ ಹೋಗುತ್ತಿರುವೆನಲ್ಲ ಎಂದು, ಪೊಟ್ಟಣ ಕಟ್ಟಿಕೊಂಡು ಬಂದಿದ್ದೆನು. ಮಣ್ಣಿನ ಗಣಪತಿಗೆ ಕಣ್ಣಿಡುವಂತೆ ಹಿಟ್ಟಿನ ಬೊಂಬೆಗಳಿಗೆ ಕಣ್ಣಿಡಬಹುದೆಂಬುದು ನನ್ನ ಯೋಚನೆ. ಪೊಟ್ಟಣವನ್ನು ಬಿಚ್ಚಿದೆನು. ಕೆಂಪು ಮೈ, ಕಪ್ಪು ಮೂತಿ. ಒಂಬತ್ತು ಜೊತೆ ಕಣ್ಣುಗಳೂ ಒಟ್ಟಿಗೆ ಇತ್ತ ತಿರುಗಿದವು. ಒಂದು ಕೂಸು ತೆವಳಿ ಬಂದು ಕೈ ಚಾಚಿತು.

ನನ್ನ ಶಿಷ್ಯೆಯು ಕೂಗಲಿಲ್ಲ. ಒಂದು ಕೈಯಿಂದ ಕೂಸನ್ನು ಎತ್ತಿಕೊಂಡು ಇನ್ನೊಂದು ಕೈಯಿಂದ ನನ್ನ ಅಂಗೈಯನ್ನು ಮುಚ್ಚಿದಳು. “ಬೇಡಿ ಮೇಷ್ಟ್ರೇ, ಇದು ವಿಷ” ಎಂದಳು.

ನನಗದು ತಿಳಿಯದ ವಿಷಯವಲ್ಲ. ಗುಲಗಂಜಿಯ ಸಿಪ್ಪೆ ಗಟ್ಟಿ. ಒಡೆಯದೆ ನುಂಗಿದರೆ ಅಪಾಯ ಕಡಿಮೆಯಾಗಬಹುದು. ಆದರೆ ಹಲ್ಲಿಗೆ ಸಿಕ್ಕಿ ಒಡೆದರೆ, ಅಥವಾ ಪೋಣಿಸಲು ತೂತು ಮಾಡಿದ್ದರೆ, ಒಳಗಿನ ವಿಷವು ಪ್ರಾಣಕ್ಕೇ ಎರವಾಗಬಲ್ಲುದು. ಅದು ಹೊಟ್ಟೆಗೆ ಹೋಯಿತೆಂದು ಸಂಶಯವಾದರೂ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಓಡಬೇಕು. ಓದಿ ತಿಳಿದಿದ್ದ ಇದೆಲ್ಲವೂ ಆ ಹೊತ್ತಿನಲ್ಲಿ ನನ್ನ ತಲೆಗೆ ಬರಲಿಲ್ಲ. ಅಂದದ ಕಣ್ಣುಗಳು ಮಾತ್ರ ಬಂದವು. ನನ್ನ ಕೈ ನಡುಗಿತು. ಅವಳು ನೆಲಕ್ಕೆ ಬಗ್ಗಿ ಚಾಪೆಯನ್ನು ಕೊಡವಿ, ಒಂದು ಕಾಳೂ ಉದುರಿಲ್ಲವೆಂದು ನೋಡಿದಮೇಲೆಯೇ ಕೂಸನ್ನು ಕೆಳಗೆ ಬಿಟ್ಟಳು.

“ನಿಂಬೆಹಣ್ಣಿಗಿಂತ ಸಣ್ಣದು ಏನೂ ಇವರ ಕೈಗೆ ಕೊಡುವುದಿಲ್ಲ, ಮೇಷ್ಟ್ರೇ. ವಿಷವಲ್ಲದಿದ್ದರೂ ಅವರೆಕಾಳು, ಹುಣಿಸೆಬೀಜ, ಮಣಿ, ಗುಂಡಿ, ಎಲ್ಲವೂ ಗಂಟಲಿಗೋ ಮೂಗಿಗೋ ಹೋಗುತ್ತವೆ” ಎಂದಳು. ಹತ್ತಿಯನ್ನೂ ಹುಲ್ಲನ್ನೂ ಕೊಡುವಾಗ ಅವಳು ಪಕ್ಕದಿಂದ ಕದಲದೆ ಕುಳಿತಿದ್ದುದರ ಅರ್ಥವು ನನಗೆ ಆಗ ತಿಳಿಯಿತು.

ಅಪಮಾನವನ್ನು ಮರೆಯಲು ನಾನು ಹಿಟ್ಟಿನೊಡನೆ ಆಡುತ್ತಿದ್ದ ಒಬ್ಬಳು ಪುಟ್ಟಿಯ ಪಕ್ಕದಲ್ಲಿ ಕುಳಿತೆನು. ಅವಳು ಒಂದು ಉಂಡೆಗೆ ಹುಲ್ಲನ್ನೆಲ್ಲ ಒಂದೇ ಕಡೆಗೆ ನೆಡುತ್ತಿದ್ದಳು. ಇನ್ನೊಂದು ಪಕ್ಕವು ಬೋಳು. ನನ್ನ ಕೈ ತಾನಾಗಿಯೇ ಮುಂದಕ್ಕೆ ಹೋಯಿತು. ಎರಡು ಕಡ್ಡಿಗಳನ್ನು ಕಿತ್ತು ಬೋಳು ಪಕ್ಕಕ್ಕೆ ನೆಟ್ಟೆನು. ಪುಟ್ಟಿಯು ಉಂಡೆಯನ್ನು ನನ್ನ ಕಡೆಗೆ ತಳ್ಳಿ ಸುಮ್ಮನಾದಳು. ಮೊಮ್ಮಗನು ಸೀಮೆಸುಣ್ಣವನ್ನು ಹಿಂದಿರುಗಿಸಿದ ರೀತಿಯೇ ಇದು.

ಆಗ ನಾನು ಮೈಸೂರಿನ ಕಥೆಯನ್ನೆಲ್ಲ ಅವಳ ಮುಂದೆ ಹೇಳಿಕೊಂಡೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಷ್ಟ್ರೇ, ನೀವು ನಮ್ಮ ಶಬ್ದರೂಪದ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದಿರಿ. ಹಾಗೆ ತಿದ್ದಿದ್ದರಿಂದಲೇ ನಾನು ಪಾಸಾದೆ. ಆದರೆ ನಮಗೆ ಆಗ ಹದಿಮೂರು ವರ್ಷ. ಇವರು ಆನೆ ಬರೆಯುತ್ತಿಲ್ಲ. ತಮ್ಮ ಕೈಯಲ್ಲಿ ಏನಾಗುತ್ತದೆಂದು ನೋಡುತ್ತಿದ್ದಾರೆ. ಅದರಲ್ಲಿ ತಪ್ಪೇನಿದೆ ತಿದ್ದುವುದಕ್ಕೆ?” ಎಂದಳು. ಶಿಷ್ಯೆಯ ಮಾತಿಗೆ ಗುರುವಿನಲ್ಲಿ ಉತ್ತರವಿರಲಿಲ್ಲ.

ಮಧ್ಯಾಹ್ನ ಕುಯಿಲಿನಿಂದ ಪುಟ್ಟಿಯ ತಾಯಿ ಬಂದಳು. ಕೈಕಾಲಿಗೆಲ್ಲ ಹುಲ್ಲಿನ ಗೀರು. ಮಗಳು ಓಡಿಹೋಗಿ, ಹಳದಿಯ ಹಿಟ್ಟಿನ ಬಿಲ್ಲೆಯೊಂದನ್ನು ಕೊಟ್ಟಳು. ಅದರಲ್ಲಿ ಐದು ಬೆರಳಿನ ಗುಳಿಗಳಿದ್ದವು. “ಇದ ನೀನೇ ಮಾಡ್ದಾ ಮಗಾ?” ಎಂದು ತಾಯಿ ಕೇಳಿ, ತನ್ನ ಒರಟು ಬೆರಳಿನ ತುದಿಯನ್ನು ಆ ಗುಳಿಗಳಲ್ಲಿ ಒಂದೊಂದಾಗಿ ಇಟ್ಟು ನೋಡಿದಳು. ಆಮೇಲೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು, ಸಂಜೆ ಗಂಡನಿಗೆ ತೋರಿಸುವುದಕ್ಕೆ.

ಮೃಚ್ಛಕಟಿಕದ ಆರನೆಯ ಅಂಕವನ್ನು ನಾನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಚಾರುದತ್ತನ ಮಗನು ಮಣ್ಣಿನ ಬಂಡಿ ಬೇಡ, ಚಿನ್ನದ ಬಂಡಿ ಬೇಕೆಂದು ಅಳುತ್ತಾನೆ. ಅದು ಬಡತನದ ದುಃಖವೆಂದೇ ನಾನು ವ್ಯಾಖ್ಯಾನ ಮಾಡುತ್ತಿದ್ದೆನು. ಆ ಮಣ್ಣಿನ ಬಂಡಿಯನ್ನು ಮಾಡಿಕೊಟ್ಟವಳು ದಾಸಿಯಾದ ರದನಿಕೆ, ಮಗುವಲ್ಲ. ತಾನೇ ಮಣ್ಣನ್ನು ತಟ್ಟಿ ಮಾಡಿದ್ದರೆ ಅವನು ನೆರೆಮನೆಯ ಚಿನ್ನಕ್ಕಾಗಿ ಅಷ್ಟು ಅಳುತ್ತಿದ್ದನೇ ಎಂದು ಅಂದು ಮೊದಲ ಸಲ ನನಗೆ ತೋರಿತು.

ಸಂಜೆಯ ಬಸ್ಸಿಗೆ ಮೊದಲು ಅಗಸ್ತ್ಯೇಶ್ವರನ ದರ್ಶನಕ್ಕೆ ಹೋದೆನು. ಅಲ್ಲಿಯ ಲಿಂಗವು ಮರಳಿನದು. ಸ್ಥಳಪುರಾಣವು ಹೇಳುವಂತೆ ಅಗಸ್ತ್ಯಮುನಿಯು ಕಾಶಿಯಿಂದ ಲಿಂಗವನ್ನು ತರಲು ಹನುಮಂತನನ್ನು ಕಳುಹಿಸಿದನು. ಅವನು ಬರುವುದು ತಡವಾಗಿ ಮುಹೂರ್ತ ಮೀರುತ್ತಿರಲು, ಮುನಿಯು ನದಿಯ ಮರಳನ್ನೇ ಕೈಯಿಂದ ಕೂಡಿಸಿ ಲಿಂಗ ಮಾಡಿ ಪ್ರತಿಷ್ಠಿಸಿದನು. ಕಾಶಿಯ ಲಿಂಗವು ಬಂದಮೇಲೂ ಇದನ್ನು ತೆಗೆಯಲಿಲ್ಲ. ಅದನ್ನು ಹನುಮಂತೇಶ್ವರನೆಂದು ಬೇರೆಯಾಗಿ ಸ್ಥಾಪಿಸಿದರು. ಈ ಕಥೆಯನ್ನು ಬಾಲ್ಯದಿಂದ ಕೇಳಿದ್ದೇನೆ. ಆ ಸಂಜೆ ಗರ್ಭಗುಡಿಯ ಮುಂದೆ ನಿಂತಾಗ, ದೂರದಿಂದ ತಂದ ನುಣುಪಾದುದಕ್ಕಾಗಿ ಕಾಯದೆ ಕಾಲಬುಡದ ಮರಳನ್ನು ತೆಗೆದುಕೊಂಡ ಆ ಕೈಗಳನ್ನು ನೆನೆದೆನು. ಹೊಳೆಗೆ ಇಳಿದು ಗುಲಗಂಜಿಯ ಪೊಟ್ಟಣವನ್ನು ನೀರಿಗೆ ಬಿಡಬೇಕೆನ್ನಿಸಿತು. ದಡದಲ್ಲಿ ಮಕ್ಕಳಾಡುವರೆಂದು ನೆನಪಾಗಿ, ಮನೆಗೆ ತಂದು ಅಳಗುಳಿಮಣೆಯ ಉಳಿದ ಕಾಳುಗಳೊಡನೆ ಬೀಗದೊಳಗಿಟ್ಟೆನು.

ಮನೆಯಲ್ಲಿ ನಾನು ಸೀಮೆಸುಣ್ಣದ ಮಾತೆತ್ತಲಿಲ್ಲ. ಪ್ರತಿದಿನ ಸಂಜೆ ಒಂದು ಉಂಡೆ ಹಿಟ್ಟನ್ನು ಮಣೆಯ ಮೇಲಿಟ್ಟು, ನನ್ನ ಪಾಲಿನ ಉಂಡೆಯನ್ನು ನಾನು ತಟ್ಟುತ್ತ ಕುಳಿತೆನು. ಮೊದಲ ಎರಡು ದಿನ “ತಾತ ಮಾಡು” ಎಂದನು. “ನಾನು ನನ್ನದನ್ನು ಮಾಡುತ್ತಿದ್ದೇನಪ್ಪ” ಎಂದೆನು. ಮೂರನೆಯ ದಿನ ಒಂದು ಬೆರಳನ್ನು ಹಿಟ್ಟಿಗೆ ಚುಚ್ಚಿದನು. ನನ್ನ ಕೈಗಳನ್ನು ತಡೆದುಕೊಳ್ಳುವುದು ಎಷ್ಟು ಕಷ್ಟವಾಯಿತೆಂಬುದನ್ನು ನಾನೇ ಬಲ್ಲೆನು. ಒಂದೆರಡು ಸಲ ಅವುಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆನು. ಶಿಶುವಿಹಾರದವರಿಗೆ ಸೊಸೆಯು ಮೆಲ್ಲಗೆ ಹೇಳಿದಳು: “ಚೆನ್ನಾಗಿ ಕಾಣದಿದ್ದರೂ ಪರವಾಗಿಲ್ಲ, ಅವನೇ ಮಾಡಿದುದನ್ನು ಕಳುಹಿಸಿ.” ಅವರೂ ತಂದೆತಾಯಿಗಳು ಮೆಚ್ಚಲೆಂದೇ ಅಷ್ಟು ಶ್ರಮಪಡುತ್ತಿದ್ದರಂತೆ.

ಸಂಕ್ರಾಂತಿ ಬಂದಿತು. ಮಗುವಿಗೆ ಎಲಚಿಯ ಹಣ್ಣೆರೆದು ಆರತಿ ಮಾಡಿದರು. ಹಣ್ಣುಗಳನ್ನೂ ಕಾಸುಗಳನ್ನೂ ನಾನು ಒಂದೊಂದಾಗಿ ಎಣಿಸಿ ಆರಿಸಿಕೊಂಡೆನು. ಸಂಜೆ ನೆರೆಮನೆಯವರು ಎಳ್ಳು ಬೀರಲು ಬಂದಾಗ ಅವನು ತನ್ನ ಹಿಟ್ಟಿನ ಉಂಡೆಯೊಂದನ್ನು ತಂದು ಸಕ್ಕರೆಯ ಅಚ್ಚುಗಳ ನಡುವೆ ತಟ್ಟೆಯಲ್ಲಿಟ್ಟನು. ಕೈಯ ಕೊಳೆಯಿಂದ ಬೂದಿಯ ಬಣ್ಣಕ್ಕೆ ತಿರುಗಿತ್ತು. ಒಂದು ಪಕ್ಕ ಬೋಳು, ಒಂದು ಪಕ್ಕ ಕಡ್ಡಿ. “ಅಯ್ಯೋ, ಇದನ್ನು ಯಾರು ಮಾಡಿದರು?” ಎಂದು ಆ ತಾಯಿ ಕೇಳಿದರು.

“ನಾನು” ಎಂದನು.

ಅದೇನೆಂದು ಅವರು ಕೇಳಲಿಲ್ಲ; ನಾನೂ ಹೇಳಲು ಹೋಗಲಿಲ್ಲ.